ನಿಮಗೇನು, ಮನೇಲಿ ಯಾರಿದ್ದಾರೆ

ಅಮ್ಮ ತೀರಿಕೊಂಡ ಮೇಲೆ ನಾನು ಆಫೀಸಿಗೆ ಬೇಗ ಹೋಗತೊಡಗಿದೆ. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ಒಬ್ಬಳಿಗೇ ಕಾಫಿ ಬೆರೆಸಿಕೊಳ್ಳುವುದು ಬೇಡವೆನಿಸಿ, ರಾಜಾಜಿನಗರದ ಬಸ್ಸು ಹತ್ತಿ, ಆಫೀಸಿನ ಕೆಳಗಿದ್ದ ದರ್ಶಿನಿಯಲ್ಲಿ ನಿಂತು ಕುಡಿಯುತ್ತಿದ್ದೆ. "ಸ್ಟ್ರಾಂಗ್ ತಾನೇ ಮೇಡಂ?" ಎಂದು ಕೌಂಟರಿನವರು ಕೇಳುತ್ತಿದ್ದರು. ದಿನದಲ್ಲಿ ನನ್ನ ಕಿವಿಗೆ ಬೀಳುತ್ತಿದ್ದ ಮೊದಲ ಮಾತು ಅದು.

ನಮ್ಮದು ಆರ್ಕಿಟೆಕ್ಟರ ಕಚೇರಿ. ಮನೆ, ಅಪಾರ್ಟ್‌ಮೆಂಟು, ಅಪರೂಪಕ್ಕೊಂದು ಕಲ್ಯಾಣ ಮಂಟಪ. ನಾನು ಡಿಪ್ಲೊಮಾ ಮುಗಿಸಿ ಡ್ರಾಯಿಂಗ್ ಮಾಡಲು ಸೇರಿದವಳು, ಅಲ್ಲೇ ಉಳಿದುಬಿಟ್ಟಿದ್ದೆ. ಕಚೇರಿ ಕಟ್ಟಿದವರನ್ನು ನಾವು ದೊಡ್ಡ ಸಾರ್ ಎನ್ನುತ್ತಿದ್ದೆವು. ಅವರು ಕುರ್ಚಿಯ ಹಿಂದೆ ಬಂದು ನಿಂತು, ಪರದೆ ನೋಡಿ, "ಈ ಬಾಗಿಲು ಬೇಡ" ಎಂದಷ್ಟೇ ಹೇಳಿ ಹೋಗುತ್ತಿದ್ದರು. ಬೈಯುತ್ತಲೂ ಇದ್ದರು. ಆದರೆ ಒಮ್ಮೆ ಹೇಳಿದರೆ ಮುಗಿಯಿತು, ಸಂಜೆ ತಾವೇ ಲೈಟು ಆರಿಸಿ ಎಲ್ಲರನ್ನೂ ಮನೆಗೆ ಅಟ್ಟುತ್ತಿದ್ದರು. ಮಂಡಿ ನೋವು ಹೆಚ್ಚಾಗಿ ಅವರು ಬರುವುದು ನಿಂತಾಗ ಮಗ ಆ ಜಾಗಕ್ಕೆ ಬಂದರು. ಅವರು ಚಿಕ್ಕ ಸಾರ್.

ಚಿಕ್ಕ ಸಾರ್ ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ. ಯಾರ ಮೇಲೂ ದನಿ ಏರಿಸಿದವರಲ್ಲ. ನಮ್ಮೆಲ್ಲರ ಹುಟ್ಟುಹಬ್ಬಕ್ಕೆ ಕೇಕ್ ತರಿಸುತ್ತಿದ್ದರು, ನಾವೆಲ್ಲ ಒಂದೇ ಮನೆಯವರು ಎನ್ನುತ್ತಿದ್ದರು. ಅವರಿಗೆ ಯಾವುದನ್ನೂ ತೀರ್ಮಾನಿಸಲು ಬರುತ್ತಿರಲಿಲ್ಲ, ಅಷ್ಟೇ. ಒಂದು ಮೆಟ್ಟಿಲನ್ನು ಮೂರು ಥರ ಬರೆಸಿ, ಆಮೇಲೆ ಮೊದಲನೆಯದೇ ಚೆನ್ನಾಗಿತ್ತು ಎನ್ನುವರು. ಮನೆ ಕಟ್ಟಿಸುವವರು ಫೋನಿನಲ್ಲಿ ಏನು ಕೇಳಿದರೂ "ನಾಳೆ ಬೆಳಿಗ್ಗೆ ಕಳಿಸ್ತೀವಿ" ಎಂದು ಒಪ್ಪಿಕೊಂಡು, ಆಮೇಲೆ ಯಾರು ಖಾಲಿ ಇದ್ದಾರೆಂದು ಸುತ್ತ ನೋಡುವರು. ಕೆಲಸ ಬಿಟ್ಟು ಹೋದವರ ಜಾಗಕ್ಕೆ ಹೊಸಬರು ಬರಲಿಲ್ಲ, ಅವರ ಕೆಲಸ ಮಾತ್ರ ಉಳಿಯಿತು. ಭಾನುವಾರ ಬೆಳಗಾದರೆ ವಾಟ್ಸಾಪ್ ಗ್ರೂಪಿನಲ್ಲಿ "ಯಾರು ಬರ್ತೀರಿ ಇವತ್ತು?" ಎಂಬ ಮೆಸೇಜು.

ಒಬ್ಬರಿಗೆ ಚಿಕ್ಕ ಮಗು, ಇನ್ನೊಬ್ಬರಿಗೆ ಹಾಸಿಗೆ ಹಿಡಿದ ಅತ್ತೆ. "ನಿಮಗೇನು, ಮನೇಲಿ ಯಾರಿದ್ದಾರೆ" ಎಂದು ಚಿಕ್ಕ ಸಾರ್ ಒಂದು ಸಲ ನಗುತ್ತಾ ನನಗೆ ಹೇಳಿದರು. ಆಮೇಲೆ ಜೊತೆಯವರೂ ಹೇಳತೊಡಗಿದರು. ಮೊದಮೊದಲು ನನಗೆ ಬೇಸರವಾಗಲಿಲ್ಲ. ಭಾನುವಾರ ಮನೆಯಲ್ಲಿ ಮಧ್ಯಾಹ್ನ ಕಳೆಯುವುದಕ್ಕಿಂತ ಯಾರದೋ ಅಡುಗೆಮನೆಯ ಅಳತೆ ಹಾಕುವುದು ಸುಲಭವಾಗಿತ್ತು. ಮೈ ಸೋಲತೊಡಗಿದ್ದು ನಂತರ. ಬಸ್ಸಿನಲ್ಲಿ ಕೂತರೆ ಇಳಿಯಬೇಕಾದ ಸ್ಟಾಪು ದಾಟಿಹೋಗುತ್ತಿತ್ತು. ಅಮ್ಮನಿಗಾಗಿ ಅಳಲಿಕ್ಕೂ ಪುರಸೊತ್ತಾಗಿಲ್ಲವೆಂದು ಒಂದು ದಿನ ತಲೆ ಬಾಚಿಕೊಳ್ಳುವಾಗ ಹೊಳೆಯಿತು.

ವರ್ಷದ ತಿಥಿಯನ್ನು ದೊಡ್ಡಪ್ಪನ ಮಗ ಬಾಪೂಜಿ ನಗರದ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ನಾನು ಮುಂಚೆಯೇ ರಜೆ ಕೇಳಿದ್ದೆ. ಎಲೆ ಹಾಕಿ, ಇನ್ನೇನು ಬಡಿಸಬೇಕು ಎನ್ನುವಾಗ ಚಿಕ್ಕ ಸಾರ್ ಫೋನು ಮಾಡಿದರು. ಮಧ್ಯಾಹ್ನ ಮನೆ ಕಟ್ಟಿಸುವ ಪಾರ್ಟಿಯವರು ಬರುತ್ತಾರೆ, ಮಹಡಿಯ ಡ್ರಾಯಿಂಗು ನನಗೆ ಮಾತ್ರ ಗೊತ್ತು, ಒಂದು ಗಂಟೆ ಬಂದು ಹೋದರೆ ಸಾಕು ಎಂದರು. ಅತ್ತಿಗೆ ಮುಖ ಗಂಟು ಹಾಕಿಕೊಂಡರು. ನಾನು ಊಟದ ಶಾಸ್ತ್ರ ಮಾಡಿ ಎದ್ದೆ. ಆಟೋ ಹಿಡಿದು ಆಫೀಸು ಸೇರಿದರೆ ಮೀಟಿಂಗು ಮುಂದಕ್ಕೆ ಹೋಗಿತ್ತು. "ಅಯ್ಯೋ, ನಿಮಗೆ ಹೇಳೋದೇ ಮರ್ತೋಯ್ತು" ಎಂದರು ಚಿಕ್ಕ ಸಾರ್. ಬಂದದ್ದು ಬಂದಿರಿ, ಬೇರೊಂದು ಕೆಲಸವಿದೆ, ನೋಡಿ ಎಂದೂ ಸೇರಿಸಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಕೈಯಲ್ಲಿ ಇನ್ನೂ ವಡೆಯ ಎಣ್ಣೆಯ ವಾಸನೆಯಿತ್ತು.

ನಾವು ಐವರು ತಾರಸಿಯಲ್ಲಿ ಶೀಟಿನ ನೆರಳಿಗೆ ಕೂತು ಊಟ ಮಾಡುತ್ತಿದ್ದೆವು. ನಮ್ಮಲ್ಲಿ ಹಿರಿಯರಾದ ಬಸವೇಶ್ವರನಗರದ ಒಬ್ಬರನ್ನು ನಾನು ಅಕ್ಕ ಎನ್ನುತ್ತಿದ್ದೆ, ನನಗೆ ಕೆಲಸ ಕಲಿಸಿದವರು ಅವರೇ. ತಿಥಿಯ ಸುದ್ದಿ ಕೇಳಿ ಎಲ್ಲರಿಗೂ ಸಿಟ್ಟು ಬಂತು. ಒಬ್ಬೊಬ್ಬರೂ ತಮ್ಮತಮ್ಮದನ್ನು ತೆಗೆದರು: ನೋಡಲಾಗದ ಮಗಳ ನೃತ್ಯ, ತಪ್ಪಿಹೋದ ಡಾಕ್ಟರರ ಅಪಾಯಿಂಟ್‌ಮೆಂಟು. ಸೋಮವಾರದ ಮೀಟಿಂಗಿನಲ್ಲಿ ಎಲ್ಲರೂ ಒಟ್ಟಿಗೆ ಹೇಳುವುದೆಂದು ಮಾತಾಯಿತು. "ನೀನೇ ಶುರು ಮಾಡು ಕಣೇ, ಆಮೇಲೆ ನಾವು ಸೇರ್ಕೋತೀವಿ" ಎಂದರು ಅಕ್ಕ. ಆ ಭಾನುವಾರ ನನಗೆ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು. ನಾಳೆ ನಾನು ಒಬ್ಬಳಲ್ಲ ಎಂಬ ಧೈರ್ಯ.

ಮೀಟಿಂಗಿನಲ್ಲಿ ನಾನು ಹೇಳಿದೆ. ಹೇಳಬೇಕಾದದ್ದು ಯಾವುದೂ ಬಿಟ್ಟುಹೋಗಲಿಲ್ಲ. ಭಾನುವಾರಗಳು, ಒಂದೇ ಕೆಲಸವನ್ನು ಮತ್ತೆಮತ್ತೆ ಮಾಡುವುದು, ಯಾರನ್ನೂ ಕೇಳದೆ ಮಾತು ಕೊಡುವುದು. ಚಿಕ್ಕ ಸಾರ್ ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡರು. ಆಮೇಲೆ ಸುತ್ತ ನೋಡಿ, "ಬೇರೆಯವ್ರಿಗೂ ಹೀಗೇ ಅನ್ಸುತ್ತಾ?" ಎಂದು ಕೇಳಿದರು.

ಒಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ಅಕ್ಕ ಸೆರಗನ್ನು ತೊಡೆಯ ಮೇಲೆ ಎಳೆದುಕೊಂಡು ಅದನ್ನೇ ನೋಡುತ್ತಾ ಕೂತರು. ನಾನು ಅವರ ಮುಖವನ್ನೇ ನೋಡಿದೆ. ಅವರು ತಲೆ ಎತ್ತಲಿಲ್ಲ.

ಚಿಕ್ಕ ಸಾರ್ ನನ್ನ ಕಡೆ ತಿರುಗಿದರು. "ಅಮ್ಮ ಹೋದ್ಮೇಲೆ ನಿಮಗೆ ಕಷ್ಟ ಆಗಿದೆ. ನಮಗೆಲ್ಲ ಅರ್ಥ ಆಗುತ್ತೆ. ಸ್ವಲ್ಪ ದಿನ ರಜಾ ತಗೊಳ್ಳಿ" ಎಂದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಕೋಣೆಯಲ್ಲಿ ಎಲ್ಲರೂ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಹೇಳಿದ ಅಷ್ಟೂ ಮಾತು ತಾಯಿ ಸತ್ತವಳ ಸಂಕಟವಾಗಿಬಿಟ್ಟಿತು. ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿರಲಿಲ್ಲ.

ಮರುದಿನದಿಂದ ತಾರಸಿಯಲ್ಲಿ ನಾನು ಬಂದರೆ ಮಾತು ಬದಲಾಗುತ್ತಿತ್ತು. ಯಾರೂ ಮುಖ ತಿರುಗಿಸಲಿಲ್ಲ. ಬದಲಿಗೆ ಪಲ್ಯ ಹಾಕಿಕೊಳ್ಳಿ, ಮೊಸರು ಸಾಕೇ ಎಂದು ಕಾಯಿಲೆಯವರನ್ನು ವಿಚಾರಿಸುವಂತೆ ವಿಚಾರಿಸಿದರು. ಅದನ್ನು ತಾಳಲಾರದೆ ನನ್ನ ಟೇಬಲ್ಲಿನ ಮುಂದೆಯೇ ಡಬ್ಬಿ ಬಿಚ್ಚತೊಡಗಿದೆ. ಒಂದು ದಿನ ಸಿಂಕಿನ ಹತ್ತಿರ ಅಕ್ಕ ಸಿಕ್ಕಿದರು.

"ಮಗಳದ್ದು ಸೆಕೆಂಡ್ ಪಿಯುಸಿ ಕಣೇ. ಈಗ ಕೆಲ್ಸ ಹೋದ್ರೆ ಈ ವಯಸ್ಸಲ್ಲಿ ನನ್ನ ಯಾರು ತಗೋತಾರೆ? ನೀನು ಹೇಳಿದ್ದು ನಿಜ ಅಂತ ಎಲ್ರಿಗೂ ಗೊತ್ತು."

"ಅಲ್ಲಿ ಒಂದು ಮಾತು ಅಂದಿದ್ರೆ ಸಾಕಾಗಿತ್ತು ಅಕ್ಕ" ಎಂದೆ.

ಅವರು ನಲ್ಲಿ ನಿಲ್ಲಿಸಿ, ತೊಳೆದ ಡಬ್ಬಿಯನ್ನು ಒರೆಸಿ, ಹೋದರು.

ಚಿಕ್ಕ ಸಾರ್ ಹೇಳಿದ ರಜೆಯನ್ನು ನಾನು ತೆಗೆದುಕೊಂಡೆ. ವಾರದ ನಡುವಿನ ದಿನಗಳಲ್ಲಿ ನನ್ನ ಮನೆ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹನ್ನೊಂದರ ಬಿಸಿಲು ಅಡುಗೆಮನೆಯ ಕಟ್ಟೆಯವರೆಗೆ ಬರುತ್ತಿತ್ತು. ಸೊಪ್ಪಿನ ಗಾಡಿಯವರು ಬಾಗಿಲಲ್ಲಿ ನಿಂತು, ಅಮ್ಮನವರು ವರ್ಷದಿಂದ ಕಾಣ್ತಿಲ್ವಲ್ಲ, ಊರಲ್ಲೇ ಉಳಿದ್ರಾ ಎಂದು ಕೇಳಿದರು. ಇಲ್ಲವೆಂದು ಹೇಳಿ ಒಂದು ಕಟ್ಟು ದಂಟಿನ ಸೊಪ್ಪು ತೆಗೆದುಕೊಂಡೆ. ಅದನ್ನು ಸೋಸುತ್ತಾ ಕೂತಾಗ ಅಳು ಬಂತು. ಅವತ್ತು ತಡೆಯಲಿಲ್ಲ, ಎಷ್ಟು ಹೊತ್ತು ಬಂತೋ ಅಷ್ಟು ಹೊತ್ತು ಅತ್ತೆ. ಸಂಜೆ ಮುಖ ತೊಳೆದುಕೊಳ್ಳುವಾಗ, ನಾನು ಮೀಟಿಂಗಿನಲ್ಲಿ ಹೇಳಿದ್ದಕ್ಕೂ ಈ ಅಳುವಿಗೂ ಸಂಬಂಧವಿಲ್ಲವೆಂಬುದು ನನಗೆ ಸ್ಪಷ್ಟವಾಗಿತ್ತು. ಎರಡೂ ನಿಜ, ಎರಡೂ ಬೇರೆ.

ರಜೆ ಮುಗಿಸಿ ಹೋದವಳು ಕೆಲಸ ಬಿಡುತ್ತೇನೆಂದು ಹೇಳಿದೆ. ಚಿಕ್ಕ ಸಾರ್‌ಗೆ ನಿಜಕ್ಕೂ ಆಶ್ಚರ್ಯವಾಯಿತು. "ಏನಾದ್ರೂ ತೊಂದ್ರೆ ಇದ್ರೆ ಮೊದ್ಲೇ ಹೇಳ್ಬಾರ್ದಿತ್ತಾ?" ಎಂದು ಕೇಳಿದರು. ಕೊನೆಯ ದಿನ ಕೇಕ್ ತರಿಸಿದ್ದರು.

ಈಗ ನಾನು ಕೆಂಗೇರಿ ಉಪನಗರದ ಒಂದು ಸಣ್ಣ ಕಚೇರಿಯಲ್ಲಿದ್ದೇನೆ. ಸಂಬಳ ಸ್ವಲ್ಪ ಕಡಿಮೆ. ಯಜಮಾನಿ ಗಡುಸಿನ ಹೆಂಗಸು, ಆದರೆ ಹೇಳಿದ ಮಾತು ಮರುದಿನವೂ ಅದೇ ಆಗಿರುತ್ತದೆ, ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ. ವಿಜಯನಗರದಲ್ಲಿ ಮೆಟ್ರೋ ಇಳಿದಾಗ ಇನ್ನೂ ಬೆಳಕಿರುತ್ತದೆ. ಮಾರ್ಕೆಟ್ಟಿನಲ್ಲಿ ಹೂವು ಕಟ್ಟುವವರ ನಡುವೆ ನಿಧಾನವಾಗಿ ನಡೆಯುತ್ತೇನೆ. ಏಕೆಂದರೆ ಆ ಹೊತ್ತನ್ನು ಏನು ಮಾಡಬೇಕೆಂದು ನಾನು ಇನ್ನೂ ಕಲಿತಿಲ್ಲ. ಕೆಲಸ ಹಗುರಾದರೆ ಒಂಟಿತನವೂ ಹಗುರಾದೀತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅದು ಈಗ ಎದುರಿಗೇ ಬಂದು ಕೂರುತ್ತದೆ.

ಕಳೆದ ತಿಂಗಳು ಒಂದು ಭಾನುವಾರ ಅಕ್ಕ ಹೇಳದೆ ಕೇಳದೆ ಮನೆಗೆ ಬಂದರು. ಇಷ್ಟು ವರ್ಷಗಳಲ್ಲಿ ಅವರು ನನ್ನ ಮನೆ ನೋಡಿದ್ದು ಅದೇ ಮೊದಲು. ಆಫೀಸಿಗೆಂದು ಹೊರಟವರು ಅರ್ಧ ದಾರಿಯಲ್ಲಿ ಬಸ್ಸು ಇಳಿದುಬಿಟ್ಟಿದ್ದರಂತೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟೆ. ಹಳೆಯದರ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಟ್ಟೆ ಕೆಳಗಿಟ್ಟು, "ಒಂದು ಗಳಿಗೆ ಇಲ್ಲೇ ಮಲಗ್ಲಾ?" ಎಂದು ಕೇಳಿದರು.

ಚಾಪೆ ಹಾಸಿ ದಿಂಬು ಕೊಟ್ಟೆ. ಮಲಗಿದ ತಕ್ಷಣ ಅವರಿಗೆ ನಿದ್ದೆ ಹತ್ತಿತು. ಬ್ಯಾಗಿನೊಳಗೆ ಫೋನು ಎರಡು ಮೂರು ಸಲ ಗುಂಯ್‌ಗುಟ್ಟಿತು. ನಾನು ಅದನ್ನು ಒಳಗಿನ ಕೋಣೆಯಲ್ಲಿಟ್ಟು ಬಾಗಿಲು ಮುಂದೆ ಮಾಡಿ ಬಂದೆ. ಮಧ್ಯಾಹ್ನವೆಲ್ಲ ಗೋಡೆಗೊರಗಿ ಕೂತು, ಆ ಮನೆಯಲ್ಲಿ ಇನ್ನೊಬ್ಬರ ಉಸಿರಾಟ ಕೇಳಿಸಿಕೊಂಡೆ.