ನನ್ನ ಬ್ಲಾಗು ಟೈಪಿಂಗ್ ಕಲಿತದ್ದು

ಕಾಗದ ಇಲ್ಲದ ವ್ಯವಹಾರಕ್ಕೆ ಕೈ ಹಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು, ನಾಲ್ಕು ವರ್ಷ ಬ್ಲಾಗು ಬರೆದು ಒಂದೇ ಒಂದು ಪುಟವನ್ನೂ ಕಾಗದಕ್ಕೆ ಇಳಿಸಿಟ್ಟುಕೊಂಡಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನಿಮಗೆ ಬುದ್ಧಿ ಹೇಳುವುದು ಇದ್ದೇ ಇದೆ.

ನನ್ನದು ತುಮಕೂರಿನಲ್ಲಿ ಹಳೇ ಬಾಗಿಲು, ಕಿಟಕಿಗಳ ವ್ಯಾಪಾರ. ಮನೆ ಕೆಡವುತ್ತಾರೆ ಅಂತ ಸುದ್ದಿ ಸಿಕ್ಕರೆ ಸಾಕು, ಚೇಳೂರಾಗಲಿ ಬೆಳ್ಳಾವಿಯಾಗಲಿ, ಮೊದಲನೇ ಬಸ್ಸಿಗೆ ಹಾಜರ್. ತೊಂಬತ್ತರ ದಶಕದಲ್ಲಿ ಗುಬ್ಬಿಯಲ್ಲಿ ಬಾಡಿಗೆ ಸೈಕಲ್ಲಿಗೆ ಎರಡು ಕಿಟಕಿ ಕಟ್ಟಿಕೊಂಡು ಶುರು ಮಾಡಿದವನು, ಬಿ.ಎಚ್. ರಸ್ತೆಯ ಹತ್ತಿರ ಒಂದು ಶೆಡ್ಡು ಹಾಕುವ ಮಟ್ಟಕ್ಕೆ ಬಂದೆ. ಹಳೇ ಬಾಗಿಲು ಮಾರುವವನಿಗೆ ಮಾತೇ ಬಂಡವಾಳ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಆ ಬಂಡವಾಳವನ್ನು ಎಲ್ಲಿ ಹಾಕುವುದು? ಪಕ್ಕದಲ್ಲೇ ಒಂದು ಸೈಬರ್ ಸೆಂಟರ್ ತೆರೆಯಿತು. ಕನ್ನಡದಲ್ಲಿ ಬರೆಯುವವರೆಲ್ಲ ಸೇರುವ ಒಂದು ತಾಣವಿದೆ, ಯಾರು ಬೇಕಾದರೂ ಅಲ್ಲಿ ಬ್ಲಾಗು ತೆರೆಯಬಹುದು, ದುಡ್ಡಿಲ್ಲ ಎಂದರು ಸೆಂಟರಿನವರು. ದುಡ್ಡಿಲ್ಲ ಎಂದಾಗ ನನಗೆ ಅನುಮಾನ ಬಂತು. ಬಿಟ್ಟಿ ಕೊಡುವವನು ಏನೋ ಮುಚ್ಚಿಟ್ಟಿರುತ್ತಾನೆ ಎಂದು ಎರಡು ದಿನ ಆ ಪುಟವನ್ನು ಮೇಲಿಂದ ಕೆಳಕ್ಕೆ ತಡಕಾಡಿದೆ. ಏನೂ ಸಿಗಲಿಲ್ಲ. ಒಂದೇ ಬೆರಳಲ್ಲಿ ಕುಟ್ಟುತ್ತ ಬೆಳ್ಳಾವಿಯಿಂದ ತಂದ ಹಲಸಿನ ಮರದ ಬಾಗಿಲೊಂದರ ಬಗ್ಗೆ ಬರೆದೆ. ಕೊನೆಯಲ್ಲಿ ಅಂಗಡಿಯ ಫೋನ್ ನಂಬರ್ ಹಾಕಿದೆ. ಎಷ್ಟಾದರೂ ವ್ಯಾಪಾರಿ.

ಮಾರನೇ ದಿನ ಬರಹದ ಕೆಳಗೆ, ಹೆಸರು ಊರು ತಿಳಿಯದ ಯಾರೋ ಎರಡು ಸಾಲು ಬರೆದಿದ್ದರು. ಓದಿ ಮುಗಿಸಿದ ಮೇಲೆ ಎದ್ದು ಹೋಗಿ ನಮ್ಮ ಮನೆಯ ಬಾಗಿಲನ್ನು ಒಮ್ಮೆ ಮುಟ್ಟಿ ನೋಡಿದೆ ಅಂತ. ಒಬ್ಬ ಗಿರಾಕಿಯನ್ನು ಬಾಗಿಲ ತನಕ ನಡೆಸುವುದಕ್ಕೆ ನಾನು ಟೀ ತರಿಸಬೇಕು, ಅವರ ಬೀಗರ ಯೋಗಕ್ಷೇಮ ವಿಚಾರಿಸಬೇಕು. ಇಲ್ಲಿ ಕಾಣದ ಊರಿನ ಮನುಷ್ಯ ನನ್ನ ಒಂದು ಬೆರಳಿನ ಮಾತಿಗೆ ಎದ್ದು ನಡೆದಿದ್ದ! ಆ ಬೆರಗು ನಾಲ್ಕು ವರ್ಷ ಇಳಿಯಲಿಲ್ಲ.

"ರೀ, ಕಾಯಿ ಸುಲಿಯೋಕೆ ಕೂತ್ಕೊಳ್ಳಿ ಅಂದ್ರೆ ಬೆನ್ನು ನೋವು ಅಂತೀರ. ಅಲ್ಲಿ ಕೂತ್ರೆ ನೋಯಲ್ವಾ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ನಿಜವಾಗಿ ನೋಯುತ್ತಿರಲಿಲ್ಲ.

ಅಲ್ಲಿ ನನ್ನ ಕಸುಬಿನ ಗುಟ್ಟುಗಳನ್ನೆಲ್ಲ ಧಾರಾಳವಾಗಿ ಹಂಚಿದೆ. ನೀವೂ ಕೇಳಿ, ಉಪಯೋಗಕ್ಕೆ ಬರುತ್ತದೆ. ಹಳೇ ಬಾಗಿಲು ಕೊಳ್ಳುವಾಗ ಮೇಲಿನ ಕೆತ್ತನೆಗೆ ಮರುಳಾಗಬೇಡಿ, ಬಗ್ಗಿ ಚೌಕಟ್ಟಿನ ಕಾಲು ನೋಡಿ. ತೇವಕ್ಕೆ ಮೊದಲು ಕೊಳೆಯುವುದು ಅದೇ. ಬೀಗದ ಕೈ ತುದಿಯಿಂದ ಒತ್ತಿ ನೋಡಿ. ಅಂಗೈಯಲ್ಲಿ ನೀರು ತಗೊಂಡು ಸವರಿ, ಬಣ್ಣದಡಿ ಮೆತ್ತಿದ್ದೆಲ್ಲ ಬಯಲಾಗುತ್ತದೆ. ಕೊನೆಗೆ ನಿಮ್ಮ ರೇಟು ಹೇಳಿ ಬಸ್ ಸ್ಟ್ಯಾಂಡ್ ಕಡೆ ನಡೆಯಿರಿ. ತಿರುಗಿ ನೋಡಿದಿರೋ, ಕೆಟ್ಟಿರಿ.

ಒಮ್ಮೆ ನನ್ನ ಶೆಡ್ಡಿಗೇ ಒಬ್ಬ ಹೆಣ್ಣುಮಗಳು ಬಂದಳು. ಬಗ್ಗಿದಳು, ಬೀಗದ ಕೈ ತೆಗೆದಳು, ನೀರು ಕೇಳಿದಳು. ರೇಟು ಹೇಳಿ ನಡೆದೇಬಿಟ್ಟಳು. ತಿರುಗಿ ನೋಡಲಿಲ್ಲ. ನಾನೇ ಓಡಿಹೋಗಿ ಕರೆತಂದು, ಚೌಕಾಸಿ ಮಾಡಿ ಸೋತು, ಅವಳು ಹೇಳಿದ ರೇಟಿಗೇ ಬಾಗಿಲು ಕೊಟ್ಟೆ. ನನ್ನನ್ನು ಮೀರಿಸುವವರು ಭೂಮಿಯ ಮೇಲೆ ಇದ್ದಾರಲ್ಲ ಎಂದು ಅದನ್ನೂ ಬ್ಲಾಗಿನಲ್ಲಿ ಬರೆದೆ.

ಆಮೇಲೊಂದು ದಿನ ತಾಣವೇ ತೆರೆಯಲಿಲ್ಲ. ನಡೆಸುತ್ತಿದ್ದವರು ಕೈಲಾಗದೆ ಮುಚ್ಚಿದ್ದರಂತೆ. ನಿಮ್ಮ ನಿಮ್ಮ ಬರಹ ಇಳಿಸಿಕೊಳ್ಳಿ ಎಂದು ಹದಿನೈದು ದಿನ ಮೊದಲೇ ಹೇಳಿದ್ದರಂತೆ. ನಾನು ಆ ಹದಿನೈದು ದಿನವೂ ಚೇಳೂರಿನಲ್ಲಿ ಯಾರದೋ ಮನೆ ಕೆಡವುವ ಮುಂಚೆ ಬಾಗಿಲು ಬಿಚ್ಚಿಸುತ್ತಿದ್ದೆ! ಸೈಬರ್ ಸೆಂಟರಿನವರು, "ಹೋಯ್ತು ಬುಡಿ ಅಣ್ಣ, ಇನ್ನು ಸಿಗಲ್ಲ" ಎಂದರು. ಅವತ್ತು ಹೆಂಡತಿ ಕಾಯಿ ಸುಲಿಯಲು ಕರೆಯಲಿಲ್ಲ. ಅದಕ್ಕೇ ಇನ್ನೂ ಸಂಕಟವಾಯಿತು.

ತಿಂಗಳಾದ ಮೇಲೆ ಅಂಗಡಿಗೆ ಫೋನ್ ಬಂತು. ಕುಣಿಗಲ್ಲಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುವ ಸರೋಜಮ್ಮ ಎಂಬವರು. "ಏನ್ ಸಾರ್, ಆ ತಾಣಾನೇ ತೆರೀತಿಲ್ಲ, ಹೊಸದು ಎಲ್ಲಿ ಬರೀತಿದೀರ? ನಮ್ಮ ಹುಡುಗೀರು ಹಳೇವೆಲ್ಲ ಟೈಪ್ ಮಾಡೀ ಮಾಡೀ ಬಾಯಿಪಾಠ ಮಾಡ್ಬಿಟ್ಟವ್ರೆ!"

ಅರ್ಧ ದಿನ ಅಂಗಡಿ ಮುಚ್ಚಿ ಹೋದೆ. ಎಂಟು ಟೈಪ್‌ರೈಟರುಗಳ ಸದ್ದಿನ ನಡುವೆ ಸರೋಜಮ್ಮ ಬೀರು ತೆರೆದರು. ಅಭ್ಯಾಸದ ಪುಸ್ತಕದ ಅದೇ ಅದೇ ಪ್ಯಾಸೇಜು ಕುಟ್ಟಿ ಬೇಜಾರಾದವರಿಗೆ ಆಕೆ ವಾರಕ್ಕೊಂದು ನನ್ನ ಬರಹ ಕೊಡುತ್ತಿದ್ದರಂತೆ. ಕಟ್ಟುಕಟ್ಟು ಹಾಳೆ. ಕೆಂಪು ಶಾಯಿಯ ಗೆರೆ. ಪುಟ ತುಂಬಲಿ ಎಂದು ಓದುಗರ ಮಾತುಗಳನ್ನೂ ಟೈಪ್ ಮಾಡಿದ್ದರು. ನನ್ನ ಫೋನ್ ನಂಬರನ್ನಂತೂ ಒಬ್ಬರೂ ಬಿಟ್ಟಿರಲಿಲ್ಲ. ಒಂದು ಹಾಳೆಯಲ್ಲಿ ಒಂದು ಸಾಲು ಹಾರಿಹೋಗಿದ್ದರೆ ಇನ್ನೊಂದರಲ್ಲಿ ಅದೇ ಸಾಲು ಎರಡು ಸಲ ಇತ್ತು. ಮುರುಕು ಬಾಗಿಲು ಎರಡನ್ನು ಸೇರಿಸಿ ಗಟ್ಟಿಯಾದದ್ದೊಂದು ಮಾಡುವುದು ನನ್ನ ಕಸುಬೇ ತಾನೆ? ಎಲ್ಲ ಮರಳಿ ಸಿಕ್ಕಿತು. ಎದ್ದು ಹೋಗಿ ಬಾಗಿಲು ಮುಟ್ಟಿದವರ ಆ ಎರಡು ಸಾಲೂ ಸಿಕ್ಕಿತು. ಅದನ್ನು ಎರಡು ಸಲ ಓದಿದೆ.

"ಇಷ್ಟಕ್ಕೆ ಏನು ಕೊಡ್ಲಿ ಮೇಡಂ?" ಎಂದೆ.

"ಕೇಳ್ದೆ ತಗೊಂಡಿದ್ದು ನಾವು. ನಾವೇ ನಿಮಗೆ ಕೊಡ್ಬೇಕು ಕಣ್ರೀ."

ನಾನು ಕೊಡುತ್ತೇನೆ ಅನ್ನುವುದು, ಅವರು ಬೇಡ ಅನ್ನುವುದು. ಇಂಥ ಚೌಕಾಸಿ ನನಗೆ ಅಭ್ಯಾಸವಿಲ್ಲ, ಸೋಲುತ್ತಿದ್ದೆ. ಹಳೇ ತಂತ್ರವೇ ಸರಿ ಎಂದು ಕಟ್ಟನ್ನು ಮೇಜಿನ ಮೇಲಿಟ್ಟು, "ದುಡ್ಡು ತಗೊಳ್ಳದಿದ್ರೆ ನನಗಿದು ಬೇಡ" ಎಂದು ಬಾಗಿಲ ಕಡೆ ನಡೆದೆ.

ಟೈಪಿಸುತ್ತಿದ್ದವರಲ್ಲಿ ಒಬ್ಬಳು ಕೈ ನಿಲ್ಲಿಸಿ ಕಿಸಕ್ಕನೆ ನಕ್ಕಳು. "ಮೇಡಂ, ಕರೀಬೇಡಿ. ಇವರೇ ತಿರುಗಿ ನೋಡ್ತಾರೆ."

ತಿರುಗಿ ನೋಡಿದೆ. ಬಾಗಿಲು ಕೊಂಡು ನನ್ನನ್ನು ಸೋಲಿಸಿದ್ದಳಲ್ಲ, ಅವಳೇ!

"ನಿಮ್ ಪ್ಯಾಸೇಜು ಮೂರು ಸಲ ಟೈಪ್ ಮಾಡಿ ಆಮೇಲೆ ನಿಮ್ ಅಂಗಡೀಗ್ ಬಂದಿದ್ದೆ ಸಾರ್," ಎಂದಳು. "ನನ್ ಬಗ್ಗೆ ಬರೆದ್ರಲ್ಲ, ಅದನ್ನೂ ನಾನೇ ಟೈಪ್ ಮಾಡಿದ್ದು. ತಪ್ಪು ಒಂದೂ ಇಲ್ಲ, ನೋಡ್ಕೊಳ್ಳಿ."

ಸರೋಜಮ್ಮ ನನ್ನ ಮುಂದೆ ಸ್ಟೂಲು ಎಳೆದರು. "ಪರೀಕ್ಷೆ ಹತ್ರ ಬಂತು. ಒಂದು ಹೊಸಾದು ಬರ್ಕೊಡಿ, ಲೆಕ್ಕ ಚುಕ್ತಾ."

ಚೌಕಾಸಿ ಮಾಡದೆ ನಾನು ಒಪ್ಪಿಕೊಂಡ ಮೊದಲ ರೇಟು ಅದು. ಕೂತು ಹೇಳತೊಡಗಿದೆ, ಅವಳು ಟೈಪ್ ಮಾಡತೊಡಗಿದಳು. ಮೂರನೇ ಸಾಲಿಗೆ ನನಗೆ ಮಾತು ತಡೆಯಿತು. ಅವಳ ಹತ್ತೂ ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿದ್ದವು, ನನ್ನ ಮುಂದಿನ ಮಾತಿಗಾಗಿ.

"ಬೇಗ ಹೇಳಿ ಸಾರ್," ಎಂದಳು, "ಕಾಯ್ತಾ ಇದೀನಿ."