ಭಾಮೈದ ಕೊಡಿಸಿದ ಕಾರು

ಕೊರಟಗೆರೆಯ ಹೊರಗೆ ಹಳೇ ಕಾರು ಮಾರುವ ಅಂಗಳವೊಂದಿದೆ. ಮೊನ್ನೆ ಕಾರು ಕೊಳ್ಳಲು ಹೊರಟ ಗೆಳತಿಯೊಬ್ಬಳು ನನ್ನನ್ನೂ ಅಲ್ಲಿಗೆ ಕರೆದೊಯ್ದಿದ್ದಳು. ಬಿಳಿ ಕಾರೊಂದರ ಬಾಗಿಲು ತೆಗೆದದ್ದೇ ತಡ, ಮಲ್ಲಿಗೆ ಸೆಂಟಿನ ಘಾಟು ಮುಖಕ್ಕೆ ಬಡಿಯಿತು. ಅದರ ಅಡಿಯಲ್ಲಿ ಬಿಸಿಲಿಗೆ ಹಾಕದೆ ಮಡಚಿಟ್ಟ ಒದ್ದೆ ಕಂಬಳಿಯ ವಾಸನೆ. ಗೆಳತಿಯ ಮೂಗಿಗೆ ಮಲ್ಲಿಗೆ ಮಾತ್ರ ಸಿಕ್ಕಿತು. ನನಗೆ ಮಾವ ನೆನಪಾದ...

ಮಾವ ಎಂದರೆ ನನ್ನ ತಾಯಿಯ ತಮ್ಮ. ಬಡವನಹಳ್ಳಿ ಹತ್ತಿರದ ಊರಲ್ಲಿ ಕುರಿ ಸಾಕಿ ಬದುಕಿದವನು. ಸಂತೆಯಲ್ಲಿ ಅವನು ಕುರಿ ಕೊಳ್ಳುವುದನ್ನು ನೋಡಬೇಕಿತ್ತು. ತುಟಿ ಬಿಡಿಸಿ ಹಲ್ಲು ನೋಡುತ್ತಿದ್ದ, ಬೆನ್ನಿಗೆ ಬೆರಳೂರಿ ಮಾಂಸ ನೋಡುತ್ತಿದ್ದ, ಗೊರಸು ಎತ್ತಿ ಮೂಸುತ್ತಿದ್ದ, ಕುಂಟುತ್ತದೇನೋ ಎಂದು ಸ್ವಲ್ಪ ದೂರ ನಡೆಸುತ್ತಿದ್ದ. ಮಾರುವವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಸಂತೆಯಲ್ಲಿ ಅನುಮಾನಪಡುವುದು ಅವಮಾನವಲ್ಲ, ವ್ಯಾಪಾರ.

ಅಂಥ ಮಾವ ಮಂದೆಯನ್ನು ಪೂರ್ತಿ ಮಾರಿ ಕಾರು ಕೊಳ್ಳಲು ಹೊರಟ. ಮಂಡಿನೋವಿನಿಂದ ಕುರಿಗಳ ಹಿಂದೆ ಅಲೆಯಲಾಗುತ್ತಿರಲಿಲ್ಲ. ಸಂತೆಗೆ ಟೆಂಪೋ ಓಡಿಸಿ ಅಭ್ಯಾಸವಿತ್ತು. ತಿರುಮಣಿಯ ಸೋಲಾರ್ ಕೆಲಸಕ್ಕೆ ಬರುವ ಇಂಜಿನಿಯರುಗಳನ್ನು ಪಾವಗಡದಿಂದ ಕರೆದೊಯ್ಯಲು ಬಾಡಿಗೆ ಕಾರು ಬೇಕೆಂದು ಯಾರೋ ಹೇಳಿದ್ದರು. ಕೂತು ಮಾಡುವ ಕೆಲಸ. ಇನ್ನುಳಿದ ಬದುಕಿಗೆಲ್ಲ ಆ ಕಾರೇ ಆಧಾರವಾಗಬೇಕಿತ್ತು.

ಕಾರು ತೋರಿಸಿದವನು ಅತ್ತೆಯ ತಮ್ಮ, ಸಿರಾದಲ್ಲಿ ಹಳೇ ಕಾರುಗಳ ಬ್ರೋಕರ್. ಮಾವ, ಅತ್ತೆ, ನಾನು ಮೂವರೂ ಹೋಗಿದ್ದೆವು. ಕಾರಿನೊಳಗೆ ಇದೇ ಮಲ್ಲಿಗೆ. ಬಾನೆಟ್ ಮುಟ್ಟಿ ನೋಡಿದೆ, ಬಿಸಿಯಿತ್ತು. ನಾವು ಬರುವ ಮುಂಚೆಯೇ ಇಂಜಿನ್ ಓಡಿಸಿ ಇಟ್ಟಿದ್ದ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ತೋರಿಸಬೇಕು ಎಂದೆ. ನಕ್ಕ. ಡ್ರೈವರ್ ಬಾಗಿಲಿಗೂ ಹಿಂದಿನದಕ್ಕೂ ಬಣ್ಣ ಒಂದೇ ಥರ ಇಲ್ಲವಲ್ಲ ಎಂದೆ. ಬಿಸಿಲಿಗೆ ಹಂಗೆ ಕಾಣ್ತದೆ ಎಂದ. ನೀರಲ್ಲಿ ಮುಳುಗಿದ ಕಾರಾದರೆ ಸೀಟ್ ಬೆಲ್ಟಿನ ಬುಡದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ ಎಂದು ಓದಿದ್ದೆ. ಬೆಲ್ಟನ್ನು ಕೊನೆತನಕ ಎಳೆಯಲು ಹೋದಾಗ ಅವನು ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡ.

"ಏನ್ ಭಾವ, ಲಾಯರ್‌ನ ಕರ್ಕಂಡ್ ಬಂದಿದ್ದೀಯಾ? ನಮ್ಮಕ್ಕನ್ನೇ ನಿಂಗೆ ಕೊಟ್ಟಿದ್ದೀವಿ, ಒಂದು ಕಾರಲ್ಲಿ ಮೋಸ ಮಾಡ್ತೀವಾ?"

ಅತ್ತೆ ತಲೆ ತಗ್ಗಿಸಿದಳು. ಮಾವ ನೋಡುತ್ತಿದ್ದದ್ದು ಅವಳ ಮುಖವನ್ನು, ಕಾರನ್ನಲ್ಲ. ನಾನು ಬಿಡಲಿಲ್ಲ.

"ಕುರಿಗಾದ್ರೆ ಬಾಯಿ ಬುಡಿಸಿ ನೋಡ್ತೀಯ. ಇದಕ್ಕೆ ಮ್ಯಾಟ್ ಎತ್ತಿ ನೋಡಕ್ಕೂ ಆಗಲ್ವಾ ಮಾವ?"

"ಕುರಿಗೆ ಮಾತ್ ಬರಲ್ಲ ಕಣಮ್ಮ, ಅದ್ಕೆ ಬಾಯಿ ನೋಡ್ತೀವಿ. ಇಲ್ಲಿ ಭಾಮೈದ ಬಾಯ್ಬುಟ್ಟು ಯೋಳ್ತಾವ್ನಲ್ಲ!"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು, ಹಿಡಿದಿಟ್ಟ ಉಸಿರು ಬಿಟ್ಟವಳಂತೆ. ಮಾವ ಹೇಳಿದ್ದು ನನ್ನ ಪ್ರಶ್ನೆಗೆ ಉತ್ತರವೇ ಅಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಎದ್ದು ನಿಂತು ಹರಿದುಹಾಕುತ್ತಿದ್ದೆ. ಅಲ್ಲಿ ಗೆದ್ದದ್ದು ಅದೇ ಮಾತು.

ಮೊದಲ ಮಳೆಗಾಲಕ್ಕೇ ಹಾರ್ನ್ ತಾನಾಗಿ ಕೂಗತೊಡಗಿತು. ಇಳಿಸಿದ ಗಾಜು ಮೇಲೇರುತ್ತಿರಲಿಲ್ಲ. ಒಂದು ದಿನ ಇಂಜಿನಿಯರುಗಳನ್ನು ಕೂರಿಸಿಕೊಂಡು ಹೋಗುವಾಗ ಬಲಸಮುದ್ರದ ಹತ್ತಿರ ಕಾರು ನಿಂತಿದ್ದು ಮತ್ತೆ ಅಲುಗಲಿಲ್ಲ. ಮಾರನೆಯ ದಿನ ಅವರು ಬೇರೆ ಕಾರು ಗೊತ್ತುಮಾಡಿಕೊಂಡರು. ಪಾವಗಡದ ತೆಲುಗು ಮೆಕ್ಯಾನಿಕ್ ಸೀಟು ಕಳಚಿ, ಕೆಳಗಿನ ಕಾರ್ಪೆಟ್ ಕಿತ್ತು, ಒಣಗಿ ಅಂಟಿದ್ದ ಕೆಸರಿನ ವಂಡು ಬೆರಳಲ್ಲಿ ಕೆರೆದು ತೋರಿಸಿದ.

"ಏಮನ್ನಾ, ನೀರಲ್ಲಿ ಮುಳುಗಿದ್ ಬಂಡಿ ತಗಂಡಿದ್ದೀಯಲ್ಲ! ವೈರೆಲ್ಲಾ ಕೊಳೆತೋಗಿದೆ. ಮಾಡ್ಸಿದ್ರೂ ನಿಲ್ಲಲ್ಲ."

ಸಿರಾಕ್ಕೆ ಹೋಗಿ ಕೇಳೋಣ, ಕೇಸು ಹಾಕೋಣ ಎಂದು ನಾನು ಕುಣಿದೆ. ಮಾವ ಮುಖ ತಿರುಗಿಸಿದ.

"ಸುಮ್ಕಿರಮ್ಮ. ನಾನ್ ಬಾಯಿ ಬುಟ್ರೆ ನಿಮ್ಮತ್ತೆಗೆ ತವರಿನ ಬಾಗ್ಲು ಮುಚ್ಚೋಯ್ತದೆ. ಅವ್ಳಿಗೆ ಇನ್ಯಾರವ್ರೆ?"

ಅತ್ತೆಗೆ ಅವನು ಹೇಳಿದ್ದು ಇಷ್ಟೇ: ಕಾರು ನನ್ನ ಕೈಗೆ ಹೊಂದಲಿಲ್ಲ. ಅವಳು ನಂಬಿದಳು. ಕಾರು ಗುಜರಿಗೆ ಹೋಯಿತು. ಮಾವ ಬೇರೆಯವರ ಮಂದೆ ಕಾಯಲು ಕೂಲಿಗೆ ಹೋದ, ಅದೇ ಮಂಡಿಗಳನ್ನು ಇಟ್ಟುಕೊಂಡು. ಒಂದು ಬೇಸಿಗೆ, ಬಯಲಲ್ಲೇ ಕುಸಿದ...

ಮಣ್ಣಿಗೆ ಬಂದ ಭಾಮೈದ ಎಲ್ಲರಿಗಿಂತ ಜೋರಾಗಿ ಅತ್ತ. "ಬಂಗಾರದಂಥ ಭಾವ! ಒಂದಿನ ನಂಗೆ ಒಂದ್ ಮಾತ್ ಅಂದೋನಲ್ಲ!" ಅವನ ಬಾಯಿಂದ ನಾನು ಕೇಳಿದ ಒಂದೇ ಒಂದು ನಿಜ ಅದು.

ಗೆಳತಿಗೆ ಆ ಬಿಳಿ ಕಾರು ಬೇಡವೆಂದೆ. ಬೆಲ್ಟನ್ನು ಬುಡದತನಕ ಎಳೆದು ಗೆರೆ ತೋರಿಸಿದೆ. ಒಂದು ಗಳಿಗೆಯ ಕೆಲಸ. ಆಮೇಲೆ ಒಬ್ಬಳೇ ಅತ್ತೆಯನ್ನು ನೋಡಲು ಹೋದೆ. ತಮ್ಮ ಈ ಸಲ ಹಬ್ಬಕ್ಕೂ ಕರೆಯಲಿಲ್ಲ, ಈಚೆಗೆ ಫೋನನ್ನೂ ಎತ್ತುತ್ತಿಲ್ಲ ಎಂದಳು.

"ಹುಸಾರಿಲ್ವೋ ಏನೋ. ನಿನ್ ಫೋನಿಂದ ಒಂದ್ಸಲ ಮಾಡ್ಕೊಡಮ್ಮ."

ಮಾಡಿದೆ. ಮೊದಲ ರಿಂಗಿಗೇ ಎತ್ತಿದ.

"ಹೇಳಿ ಸಾರ್, ಯಾವ ಗಾಡಿ ನೋಡ್ತಿದ್ದೀರಾ?"

ಅತ್ತೆ ಆಗಲೇ ಕೈ ಚಾಚಿದ್ದಳು. ಅವನಿಗೆ ಹೇಳಬೇಕಾದದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಸುಮ್ಮನಿರು ಎನ್ನಲು ಮಾವ ಇರಲಿಲ್ಲ. ಫೋನ್ ಕಟ್ ಮಾಡಿದೆ.

"ಸಿಗ್ನಲ್ ಇಲ್ಲ ಅತ್ತೆ" ಎಂದೆ.