ದೊಡ್ಡವ್ವನ ಒಗೆಯುವ ಕಲ್ಲು

ಕಳೆದ ವಾರ ಲಿಂಗಸುಗೂರಿನ ಸಂತೆಯಲ್ಲಿ ಹಳದಿ ಬಾರ್ ಸಾಬೂನು ಕಂಡಿತು. ಎತ್ತಿ ಮೂಸಿದೆ. ದಿನಾ ಇದರಲ್ಲೇ ಬಟ್ಟೆ ಒಗೆಯುತ್ತಿದ್ದ ಎದುರುಮನೆಯ ದೊಡ್ಡವ್ವ ನೆನಪಾದಳು...

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಬಂದದ್ದು ಮುದಗಲ್ ಕೋಟೆಯೊಳಗಿನ ಓಣಿಗೆ. ಗುಡ್ಡದ ಇಳಿಜಾರಿಗೆ ಒರಗಿದ್ದ ದೊಡ್ಡವ್ವನ ಮನೆ ಒಬ್ಬರು ಕಟ್ಟಿದ್ದಲ್ಲ. ಬುಡದಲ್ಲಿ ಯಾವುದೋ ರಾಜನ ಕಾಲದ ಕಮಲದ ಕಲ್ಲು, ಅದರ ಮೇಲೆ ಯಾವುದೋ ಸುಲ್ತಾನನ ಗಚ್ಚು, ಅದರ ಮೇಲೆ ಅವಳ ಮಾವನ ಮಣ್ಣಿನ ಗೋಡೆ, ತುದಿಗೆ ಗಂಡ ಹೊದಿಸಿದ ತಗಡು. ಅಡುಗೆಮನೆಯ ಗೋಡೆಯಲ್ಲೊಂದು ಕಲ್ಲಿನ ಆನೆ ತಲೆಕೆಳಗಾಗಿತ್ತು. ಅದರ ಸೊಂಡಿಲಿಗೆ ಜರಡಿ ನೇತುಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಹಳೆಯ ಕಲ್ಲುಗಳನ್ನು ಹುಡುಕುತ್ತ ಸಾಹೇಬರೊಬ್ಬರು ಅವಳ ಹಿತ್ತಲಿಗೆ ಬಂದರು. ಬಟ್ಟೆ ಒಗೆಯುವ ಕಲ್ಲಿನ ಅಂಚನ್ನು ಬಗ್ಗಿ ನೋಡಿ, "ಅಮ್ಮಾರ, ನಿಮ್ಮ ಮನ್ಯಾಗ ಶಾಸನ ಐತ್ರಿ!" ಎಂದು ಹಿಗ್ಗಿದರು.

ದೊಡ್ಡವ್ವನಿಗೆ ಗೊತ್ತಿದ್ದ ಶಾಸನವೆಂದರೆ ಸರಕಾರದ ಕಾಯ್ದೆ. ಕೋಟೆಯೊಳಗಿನ ಮನೆಗಳನ್ನು ಖಾಲಿ ಮಾಡಿಸಿ ಜನರನ್ನು ಎಬ್ಬಿಸುತ್ತಾರೆಂಬ ಸುದ್ದಿ ಓಣಿಯಲ್ಲಿ ಆಗಾಗ ಸುಳಿಯುತ್ತಿತ್ತು. ಅವಳ ಹತ್ತಿರ ಮನೆಯ ಒಂದು ಕಾಗದವೂ ಇರಲಿಲ್ಲ. ಒದ್ದೆ ಸೀರೆಯ ಸಮೇತ ಕಲ್ಲಿನ ಮೇಲೆ ಕುಳಿತೇಬಿಟ್ಟಳು.

"ನಾ ಏಳಂಗಿಲ್ಲ! ಯಾರು ಹೊರಡಿಸ್ಯಾರ ಶಾಸನ?"

"ರಾಜರು ರೀ."

"ಯಾವ ರಾಜ? ಕರಕೊಂಡ್ ಬರ್ರಿ ಅವನ್ನ!"

ಗದ್ದಲ ಕೇಳಿ ಓಡಿ ಹೋದೆ. "ಬಾ ತಂಗಿ, ನೀ ಕಾನ್ವೆಂಟ್ ಸಾಲಿ ಕಲ್ತಾಕಿ. ಇವ್ರಿಗೆ ಇಂಗ್ಲಿಷ್‌ನ್ಯಾಗ ಬೈ!" ಎಂದಳು.

ಬೈಯುವುದನ್ನು ನಮಗೆ ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ. "ಗುಡ್ ಮಾರ್ನಿಂಗ್ ಸರ್" ಎಂದೆ.

"ಹಾಂ, ಇನ್ನೊಂದು ಹಾಕು!"

ಶಾಸನವೆಂದರೆ ಕಲ್ಲಿನ ಮೇಲಿನ ಹಳೆಯ ಬರಹವೆಂದು ತಿಳಿಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಕೊನೆಗೂ ಎದ್ದಳು. ಕಲ್ಲನ್ನು ಮಗುಚಿ, ತೊಳೆದು, ಸಾಹೇಬರು ತಡವರಿಸುತ್ತ ಓದಿದರು: ಬಾವಿ ತೋಡಿದವನಿಗೆ ಈ ಜಾಗ ಕೊಟ್ಟಿದೆ, ಸೂರ್ಯಚಂದ್ರರು ಇರುವವರೆಗೆ ಅವನ ಮನೆಯವರು ಅನುಭವಿಸಲಿ...

"ಸಿಕ್ತಲ್ಲ ಮನಿ ಕಾಗದ! ನಮ್ಮ ಮಾವನೂ ಬಾವಿ ತೋಡ್ಯಾನ್ರಿ."

"ಅದು ನೂರಾರು ವರ್ಷದ ಹಿಂದಿನ ಮಾತ್ರಿ, ಅಮ್ಮಾರ."

"ಸೂರ್ಯ ಇನ್ನೂ ಅದಾನಲ್ರಿ?"

ಸಾಹೇಬರು ಮೇಲೆ ನೋಡಿದರು. ಒಪ್ಪಲೇಬೇಕಾಯಿತು.

ಆಮೇಲೆ ಮನೆ ಎಬ್ಬಿಸುವ ಮಾತು ಯಾರೇ ಎತ್ತಲಿ, ಹಿತ್ತಲಿಗೆ ಎಳೆದೊಯ್ದು ಕಲ್ಲು ತೋರಿಸುತ್ತಿದ್ದಳು. ಬಟ್ಟೆ ಒಗೆಯಲು ಮಾತ್ರ ನಮ್ಮ ಕಲ್ಲಿಗೆ ಬರತೊಡಗಿದಳು. "ಮನಿ ಕಾಗದದ ಮ್ಯಾಲೆ ಯಾರರ ಅರಿವಿ ಒಗೀತಾರೇನ?"

ಮೊನ್ನೆ ಆ ಓಣಿಗೆ ಹೋಗಿದ್ದೆ. ಮನೆ ಹಾಗೆಯೇ ನಿಂತಿದೆ, ಬಾಗಿಲಿಗೆ ಬೀಗ. ಅವಳನ್ನು ಎಬ್ಬಿಸಲು ಯಾವ ಸರಕಾರವೂ ಬರಲಿಲ್ಲ. ತೊಂಬತ್ತರ ದಶಕದ ಒಂದು ಮಧ್ಯಾಹ್ನ, ಯಾರ ಶಾಸನವೂ ಇಲ್ಲದೆ, ತಾನಾಗಿಯೇ ಈ ಲೋಕದಿಂದ ಎದ್ದು ಹೋದಳು...